ಕಚ್ಚಾ ಹೊಲಿಗೆ

“ನನಗ್ಯಾಕ್ರೀ ಕುರ್ಚಿ? ಓಡೋ ಬಸ್ಸಲ್ಲಿ ಕೈ ಬಿಟ್ಟು ನಿಂತು ಟಿಕೆಟ್ ಹರಿದವನು ನಾನು!”

ಹಿರಿಯರ ವ್ಯಾಯಾಮ ತರಗತಿಯಲ್ಲಿ ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ ನಡೆದಿತ್ತು. ಎಲ್ಲರೂ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರೆ, ನಿವೃತ್ತ ಕಂಡಕ್ಟರ್ ಮಾತ್ರ ಕೈ ಬಿಟ್ಟು, ಎದುರಿಗಿದ್ದ ಟೈಲರಮ್ಮನನ್ನು ನೋಡಿ ಮೀಸೆಯಲ್ಲೇ ನಕ್ಕರು.

‘ಅಯ್ಯೋ, ಅರವತ್ತು ದಾಟಿದ ಮೇಲೂ ಎದೆ ಹೀಗೆ ಹೊಡ್ಕೊಳ್ಳತ್ತಾ?’

ಗಂಡ ಹೋದ ಮೇಲೆ ಹೊಲಿಗೆ ಯಂತ್ರದ ಸದ್ದನ್ನೇ ಸಂಗಾತಿ ಮಾಡಿಕೊಂಡಿದ್ದ ಹೆಂಗಸು ಅವಳು. ನಾಚಿ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಕಂಡಕ್ಟರ್ ಕಾಲು ಬದಲಿಸಿದರು. ಹಿಮ್ಮಡಿ ಪ್ಯಾಂಟಿನ ಅಂಚಿಗೆ ಸಿಕ್ಕಿತು... ದಡ್ಡನೆ ಬಿದ್ದೇಬಿಟ್ಟರು! ಮಣಿಕಟ್ಟು ಮುರಿಯಿತು.

“ವಯಸ್ಸಾಯ್ತಲ್ಲ, ಕಾಲಲ್ಲಿ ಬಲ ಇಲ್ಲ ಪಾಪ,” ಎಂದರು ಎಲ್ಲರೂ. ಟೈಲರಮ್ಮನ ಕಣ್ಣಿಗೆ ಮಾತ್ರ ಪ್ಯಾಂಟಿನಿಂದ ಜೋತಾಡುತ್ತಿದ್ದ ದಾರ ಕಂಡಿತು. ಅದು ಅವಳ ಕೈಯದೇ ದಾರ.

ಹಿಂದಿನ ದಿನವಷ್ಟೇ ಆ ಪ್ಯಾಂಟನ್ನು ಗಿಡ್ಡ ಮಾಡಿಕೊಟ್ಟಿದ್ದಳು. ಬೇಕಂತಲೇ ಕಚ್ಚಾ ಹೊಲಿಗೆ ಹಾಕಿದ್ದಳು. ಬೇಗ ಬಿಚ್ಚಿಕೊಳ್ಳಲಿ, ಅವರು ಮತ್ತೆ ಅಂಗಡಿಗೆ ಬರಲಿ, ಸ್ಟೂಲಿನ ಮೇಲೆ ಕೂತು ಬಸ್ಸಿನ ಕಥೆ ಹೇಳಲಿ... ಇಷ್ಟೇ ಆಸೆ! ಬಿದ್ದರೆ ಗತಿಯೇನು ಎಂದು ಹೊಳೆದೇ ಇರಲಿಲ್ಲ.

ಹೇಳಲು ಬಾಯಿ ತೆರೆದಳು. ಆದರೆ ಹೇಳದೆ ಗುಂಪಿನ ಹಿಂದಕ್ಕೆ ಸರಿದಳು.

ಕೆಲವು ವಾರ ಕಳೆದ ಮೇಲೆ ಕಂಡಕ್ಟರರ ಮಗಳು ರವಿಕೆ ಹೊಲಿಸಲು ಬಂದಳು.

“ಕೈ ವಾಸಿಯಾಯ್ತು ಆಂಟಿ. ಆದ್ರೆ ಅಪ್ಪ ಒಬ್ಬರೇ ಏಳೋದೇ ಇಲ್ಲ. ‘ನನ್ನ ಕಾಲನ್ನ ನಾನೇ ನಂಬಲ್ಲ’ ಅಂತಾರೆ. ಹೀಗೇ ಕೂತ್ರೆ ಇರೋ ಬಲಾನೂ ಹೋಗತ್ತೆ, ಇನ್ನೊಂದ್ಸಲ ಬೀಳೋದು ಗ್ಯಾರಂಟಿ ಅಂದ್ರು ಡಾಕ್ಟರು.”

ಅವತ್ತು ರಾತ್ರಿ ಟೈಲರಮ್ಮ ಆ ರವಿಕೆ ಬಟ್ಟೆ ಕತ್ತರಿಸಲು ಕೂತವಳು ಹಾಗೇ ಮಡಿಸಿಟ್ಟಳು. ನಿಜ ಹೇಳಿದರೆ ಅವರು ಎದ್ದು ನಡೆದಾರು, ಆದರೆ ಅವಳ ಕಡೆಗಂತೂ ಅಲ್ಲ! ಆದರೂ ಬೆಳಗಾದ ಕೂಡಲೇ ಅಂಗಡಿ ತೆರೆಯದೆ ಅವರ ಮನೆಗೆ ಹೋದಳು. ಕಿಟಕಿ ಪಕ್ಕ ಕೂತಿದ್ದವರ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

“ಹಾಗಾದ್ರೆ... ನನ್ನ ಕಾಲಿನ ತಪ್ಪಲ್ವಾ?”

“ಅಲ್ಲ. ನನ್ನ ಕೈಯದು.”

ಅವರ ಮುಖ ಕೆಂಪಾಯಿತು. “ಮಗಳ ಕೈ ಹಿಡ್ಕೊಂಡು ಬಚ್ಚಲಿಗೆ ಹೋಗಿದ್ದೀನಿ ಕಣ್ರೀ! ಅವತ್ತೇ ಒಂದು ಮಾತು ಹೇಳೋಕಾಗ್ಲಿಲ್ವಾ?”

“ನೀವು ಮತ್ತೆ ನನ್ನ ಮುಖ ನೋಡಲ್ವೇನೋ ಅಂತ ಹೆದರಿದೆ...”

ಅವರು ಕಿಟಕಿಯ ಕಡೆ ತಿರುಗಿದರು.

‘ಮುಗೀತು. ಮಾಡಿದ್ದುಣ್ಣೋ ಮಹಾರಾಯ ಅಂದ ಹಾಗಾಯ್ತು.’ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಾಗಿಲವರೆಗೆ ಹೋದಳು. ಹಿಂದೆ ಏನೋ ಕಿರುಗುಟ್ಟಿತು. ತಿರುಗಿದರೆ... ಕಂಡಕ್ಟರ್ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು! ಅವಳು ಓಡಿಬಂದು ಕೈ ಚಾಚಿದಳು.

“ಹಿಡ್ಕೋಬೇಡಿ. ಪಕ್ಕದಲ್ಲಿ ನಿಂತಿರಿ, ಸಾಕು.”

“ಕುರ್ಚಿ ಬಿಡಬೇಡಿ ಮತ್ತೆ!”

“ಬಿಡಲ್ಲ. ಅವತ್ತೂ ಬಿಡದೆ ಇದ್ದಿದ್ರೆ ಬೀಳ್ತಾನೇ ಇರಲಿಲ್ಲ. ನಿಮ್ಮ ಮುಂದೆ ಜಂಬ ಕೊಚ್ಚೋಕೆ ಹೋದೆ. ಅರ್ಧ ತಪ್ಪು ನಂದು.”

ಒಂದು ಕಾಲು ನಿಧಾನವಾಗಿ ಮೇಲೆದ್ದಿತು. ನಿಂತಿತು. ಅವರ ಕಣ್ಣು ತುಂಬಿಬಂತು.

“ಆದ್ರೆ ಕೋಪ ಇದೆ,” ಎಂದರು. “ಇನ್ನೂ ನಾಲ್ಕು ದಿನ ಇರತ್ತೆ. ದಿನಾ ಬಂದು ಬೈಸ್ಕೊಳ್ಳಿ.”

ಟೈಲರಮ್ಮನಿಗೆ ಅಳುವಿನ ನಡುವೆಯೇ ನಗು ಬಂತು.

“ನಾಲ್ಕು ದಿನ ಆದ್ಮೇಲೆ?”

“ಆಮೇಲೆ ಬರೋಕೆ... ಕಾರಣ ಯಾಕ್ರೀ ಬೇಕು?”