ಪಿಂಡರನ ದೊಡ್ಡಿಕಲ್ಲು

ಸಿರಿಲ್ ಪಿಂಡರನನ್ನು ಕೆಣಕಲು ಬೈಗುಳ ಬೇಕಾಗಿರಲಿಲ್ಲ. ಅವನ ಮನೆತನದ ಹೆಸರನ್ನು ಸ್ವಲ್ಪ ಎಳೆದು ಕರೆದರೆ ಸಾಕಾಗಿತ್ತು.

ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ಯಾರಿಗೂ ಮನೆತನದ ಹೆಸರೆಂಬುದೇ ಇರಲಿಲ್ಲ. ಊರಿಗೆ ಐದಾರು ಜಾನ್, ಏಳೆಂಟು ವಿಲಿಯಂ. ಕಂದಾಯದವನು ಬಂದು ಜಾನ್ ಎಂದು ಕೂಗಿದರೆ ಅದು ನಾನಲ್ಲ, ಆ ಇನ್ನೊಬ್ಬ ಎಂದು ಎಲ್ಲರೂ ಜಾರಿಕೊಳ್ಳುತ್ತಿದ್ದರು. ಅದಕ್ಕೇ ಒಬ್ಬೊಬ್ಬನಿಗೂ ಒಂದೊಂದು ಬಾಲ ಕಟ್ಟಿದರು. ಗುಡ್ಡದ ಮೇಲಿದ್ದವನು ಹಿಲ್ ಆದ, ರೊಟ್ಟಿ ಸುಡುವವನು ಬೇಕರ್ ಆದ, ಕುಳ್ಳ ಶಾರ್ಟ್ ಆದ. ಬೇಲಿ ಹಾರಿದ ದನ ಕುರಿ ಹಿಡಿದು ದೊಡ್ಡಿಗೆ ಹಾಕಿ ದಂಡ ವಸೂಲಿ ಮಾಡುವವನು ಪಿಂಡರ್ ಆದ. ಅವನ ಜೊತೆ ಮಣ್ಣಾಗಬೇಕಿದ್ದ ಅಡ್ಡಹೆಸರು ಮಗನ ಕೊರಳಿಗೆ ಬಿತ್ತು, ಮೊಮ್ಮಗನ ಕೊರಳಿಗೂ ಬಿತ್ತು. ಹೀಗೆ ಉರುಳಿಕೊಂಡು ಬಂದು, ಕಂಬರ್ಲೆಂಡಿನ ಹೌಗಿಲ್ ಬೆಕ್ ಎಂಬ ಈ ಊರಲ್ಲಿ ಅರವತ್ತು ದಾಟಿದ ಸಿರಿಲನ ಕೊರಳಲ್ಲಿ ನೇತಾಡುತ್ತಿತ್ತು.

ಕೊರಳಗಂಟೆ ಅಲ್ಲಾಡಿಸುವವನು ರೋಲಂಡ್ ಥ್ರೆಲ್ಕೆಲ್ಡ್. ಊರಿನ ಅರ್ಧ ಹುಲ್ಲುಗಾವಲು ಅವನದು. ಪ್ರವಾಸಿಗಳಿಗೆ ಬಾಡಿಗೆ ಕೊಡುವ ಮನೆಗಳೂ ಅವನವೇ.

"ಏನ್ ಸಿರಿಲ್ಲು, ನಂದೊಂದ್ ಟಗರು ತಪ್ಪಿಸ್ಕೊಂಡದೆ. ಹಿಡ್ಕೊಂಡ್ ಬಾ ಹೋಗು. ನಿಮ್ ಮನೆತನದ್ ಕೆಲ್ಸ ಅಲ್ವಾ?" ಎಂದು ಅವನು ಪಬ್ಬಿನಲ್ಲಿ ಎಲ್ಲರ ಮುಂದೆ ಕೇಳಿದ.

ಸಿರಿಲ್ ಬಿಯರ್ ಲೋಟ ಕೆಳಗಿಟ್ಟ. "ನಿನ್ ಹೆಸರಿನ ಅರ್ಥ ಗೊತ್ತೇನೋ? ಜೀತದಾಳುಗಳ ಒರತೆ ಅಂತ. ಹಳೇ ನಾರ್ಸ್ ಭಾಷೆ ಮಾತು. ನಿಮ್ ತಾತಂದಿರು ಯಾರ್ದೋ ಹೊಲ ಗೇದು ಆ ಒರತೆಗೆ ಬಾಯಿ ಹಾಕ್ತಿದ್ರು."

"ಸರಿ ಮಾರಾಯ, ಜೀತದವ್ರಿಗೂ ಒಂದ್ ಒರತೆ ಅಂತ ಇತ್ತಲ್ಲ. ನಿಮಗೇನಿತ್ತು? ದೊಡ್ಡಿನೂ ಊರಿಂದು, ಬೀಗಾನೂ ಊರಿಂದು. ನಿಮ್ದೂ ಅಂತ ಇದ್ದಿದ್ದು ಬೈಸ್ಕೊಳ್ಳೋದೊಂದೇ."

ಪಬ್ಬು ಪಬ್ಬೇ ನಕ್ಕಿತು. ಯಜಮಾನಿ ಡೋರ್ಕಸ್ ನಕ್ಕ ರಭಸಕ್ಕೆ ಬಿಯರ್ ಚೆಲ್ಲಿದಳು. ಸಿರಿಲ್ ಮಾತ್ರ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಒಂದು ಪ್ರಶ್ನೆಯನ್ನೇ ಅಗಿದ. ನಿಮಗೇನಿತ್ತು?

ಇಲ್ಲದಿದ್ದರೆ ಇರುವಂತೆ ಮಾಡಿದರಾಯಿತು.

ಊರಂಚಿನಲ್ಲಿ ಆ ದೊಡ್ಡಿ ಇನ್ನೂ ಇತ್ತು. ನಾಲ್ಕು ಕಲ್ಲುಗೋಡೆ, ಒಳಗೆ ಆಳೆತ್ತರದ ತುರಿಕೆ ಗಿಡ. ಯಾವ ಕಾಗದದಲ್ಲೂ ಅದಕ್ಕೆ ಒಡೆಯನಿರಲಿಲ್ಲ. ಬಾಡಿಗೆದಾರರ ಕಾರು ನಿಲ್ಲಿಸಲು ಅದು ತನಗೆ ಬೇಕೆಂದು ರೋಲಂಡ್ ಅರ್ಜಿ ಹಾಕಿದ್ದ. ಅವನ ಬಾಡಿಗೆ ಮನೆಗಳಿಗೆ ಹೋಗಲು ಬೇರೆ ದಾರಿಯೂ ಇರಲಿಲ್ಲ, ದೊಡ್ಡಿಗೆ ಸೇರಿದ ಜಾಗದಲ್ಲೇ ಹಾಯಬೇಕು. ಆ ಜಾಗ ಪಿಂಡರ್‌ಗಳ ಸ್ವಂತದ್ದು ಎಂದಾದರೆ ಸಿರಿಲ್ ಅಲ್ಲೊಂದು ಗೇಟು ಹಾಕಬಹುದು, ಬೀಗ ಜಡಿಯಬಹುದು. ಆಗ ಥ್ರೆಲ್ಕೆಲ್ಡ್ ಬಂದು, ದಯವಿಟ್ಟು ತೆಗಿಯಪ್ಪಾ ಎಂದು ಗೋಗರೆಯಬೇಕು. ಆ ಮಾತು ಕೇಳುವುದಕ್ಕಾಗಿ ಸಿರಿಲ್ ಜೈಲಿನ ಅಪಾಯಕ್ಕೂ ತಯಾರಾದ.

ಕಾಗದ ಹುಟ್ಟಿಸುವುದು ಮೂರ್ಖರ ಕೆಲಸ. ಕಾಗದವನ್ನು ಪರೀಕ್ಷಿಸುವವರಿದ್ದಾರೆ, ಶಾಯಿಯನ್ನು ಮೂಸುವವರಿದ್ದಾರೆ. ಕಲ್ಲನ್ನು ಯಾರೂ ಮೂಸುವುದಿಲ್ಲ. ದೊಡ್ಡಿಯ ಹೊರಮೂಲೆಯಲ್ಲಿ ಸೊಂಟದೆತ್ತರದ ಮರಳುಗಲ್ಲೊಂದು ನೆಟ್ಟಗೆ ನಿಂತಿತ್ತು. ಮೈ ನುಣುಪು, ಒಂದು ಗೀರೂ ಇಲ್ಲ. ಅಕ್ಷರ ಕೇಳಿಕೊಂಡು ನಿಂತಂತಿತ್ತು.

ಕೆಲಸವನ್ನು ಅವನು ಹಾಡುಹಗಲೇ ಮಾಡಿದ. ರಾತ್ರಿ ಸುತ್ತಿಗೆ ಸದ್ದಾದರೆ ನಾಯಿ ಬೊಗಳುತ್ತದೆ, ಕಿಟಕಿ ತೆರೆಯುತ್ತದೆ. ಹಗಲು ಸದ್ದಾದರೆ, ಬಿದ್ದ ಗೋಡೆ ಯಾರೋ ಕಟ್ಟುತ್ತಿದ್ದಾರೆ ಎಂದುಕೊಂಡು ಜನ ತಮ್ಮ ಪಾಡಿಗೆ ಹೋಗುತ್ತಾರೆ. ಅವನ ಅಜ್ಜನ ಉಳಿ ಸಾಣೆಯಂತ್ರ ಕಂಡದ್ದಲ್ಲ, ಅದನ್ನೇ ಬಳಸಿದ. 'ಆರ್. ಪಿಂಡರನ ಸ್ವಂತ ದೊಡ್ಡಿ, 1688' ಎಂದು ಕೆತ್ತಿದ. ಹಳ್ಳಿ ಕಲ್ಲುಕುಟಿಗರಿಗೆ ಕೊನೆಗೆ ಜಾಗ ಸಾಲದೆ ಹೋಗುವ ಹಾಗೆ ಕೊನೆಯ ಅಕ್ಷರಗಳನ್ನು ಇಕ್ಕಟ್ಟು ಮಾಡಿದ. ಒದ್ದೆ ಗೋಣಿ, ಮರಳು ಹಾಕಿ ಅಂಚುಗಳನ್ನು ಉಜ್ಜಿ ಸವೆಸಿದ. ಆಮೇಲೆ ಮೊಸರಿಗೆ ಕುರಿಹಿಕ್ಕೆ ಕಲಸಿ ಬಳಿದ. ಅದರ ಮೇಲೆ ಪಾಚಿ ಹಬ್ಬಲಿ, ತುರಿಕೆ ಗಿಡ ಮುಚ್ಚಲಿ ಎಂದು ಬಿಟ್ಟ. ರೋಲಂಡನ ಅರ್ಜಿ ಕಚೇರಿಯಿಂದ ಕಚೇರಿಗೆ ತೆವಳುತ್ತಿದ್ದಷ್ಟು ಕಾಲ ಸಿರಿಲ್ ಬಾಯಿ ಬಿಡಲಿಲ್ಲ. ಸರಕಾರದ ಸೋಮಾರಿತನ ಮತ್ತು ಕಂಬರ್ಲೆಂಡಿನ ಮಳೆ, ಎರಡೂ ಅವನ ಪರವಾಗಿ ದುಡಿದವು.

ಕಲ್ಲನ್ನು ತಾನೇ ತೋರಿಸುವಷ್ಟು ದಡ್ಡನೂ ಅವನಲ್ಲ. ದಕ್ಷಿಣದಿಂದ ಬಂದು ನೆಲೆಸಿದ್ದ ನಿವೃತ್ತ ಶಾಲಾ ಮೇಡಂ ಎನಿಡ್ ಫರ್ನ್‌ಹ್ಯಾಮ್ ಊರಿನ ಇತಿಹಾಸ ಸಂಘ ನಡೆಸುತ್ತಿದ್ದಳು. ಹಳೆಯದೆಂದರೆ ಮುರಿದ ಬೋಗುಣಿಗೂ ಕೈಮುಗಿಯುವ ಹೆಂಗಸು.

"ನಮ್ ಹೆಸರಿನ ಮೂಲ ಏನೋ ಕಾಣೆ ಮೇಡಂ," ಎಂದ ಸಿರಿಲ್, ತಲೆ ತಗ್ಗಿಸಿ. "ದೊಡ್ಡಿ ಕಡೆ ಏನಾದ್ರೂ ಸಿಗಬೋದು ಅಂತ ನಮ್ಮಜ್ಜಿ ಅಂತಿತ್ತು. ನಂಗೆ ಸೊಂಟನೋವು, ಗಿಡ ಕಡಿಯಕ್ಕಾಗಲ್ಲ."

ಮೇಡಂ ಕುಡುಗೋಲು ಹಿಡಿದು ತಾನೇ ಹೋದಳು. ಸಂಜೆ ಮೊಣಕೈವರೆಗೂ ದದ್ದು ಎಬ್ಬಿಸಿಕೊಂಡು ಬಂದು ಅವನನ್ನು ತಬ್ಬಿಕೊಂಡು ಅತ್ತಳು. ಸಿರಿಲನೂ ಸ್ವಲ್ಪ ಅತ್ತ. ಪಟ್ಟಣದಿಂದ ಬಂದ ಪಂಡಿತನೊಬ್ಬ ಕಲ್ಲಿನ ಮೇಲೆ ಬೆರಳಾಡಿಸಿ, ಸವೆತ ಸರಿಯಿದೆ, ಕಾಲವೂ ಸರಿಯಿದೆ ಎಂದ. ಅದನ್ನೇ ಹಿಡಿದು, ದೊಡ್ಡಿ ನಮ್ಮದೆಂದು ಸಿರಿಲನೂ ಅರ್ಜಿ ಹಾಕಿದ.

ಕೊನೆಯ ವಿಚಾರಣೆಗೆ ಜಮೀನು ಕಚೇರಿಯ ಅಧಿಕಾರಿಣಿ ಸ್ಥಳಕ್ಕೇ ಬಂದಳು. ನೋಡಲು ಊರೆಲ್ಲ ಸೇರಿತು. ಕತ್ತರಿಸಿದ ಗಿಡಗಳ ನಡುವೆ ಕಲ್ಲು ಬೆಳಕಿಗೆ ಮುಖವೊಡ್ಡಿ ನಿಂತಿತ್ತು. ಪಂಡಿತ ಮಾತು ಮುಗಿಸಿದ. ಅಧಿಕಾರಿಣಿ, "ಥ್ರೆಲ್ಕೆಲ್ಡ್ ಅವ್ರೇ, ನಿಮ್ದೇನಾದ್ರೂ ತಕರಾರಿದ್ಯಾ?" ಎಂದಳು.

ರೋಲಂಡ್ ಮುಂದೆ ಬಂದು ನಿಂತ. ಕಲ್ಲನ್ನೇ ನೋಡುತ್ತಿದ್ದ. ತಲೆ ಎಡಕ್ಕೆ ವಾಲಿಸಿದ. ಇನ್ನಷ್ಟು ವಾಲಿಸಿದ. ಆಮೇಲೆ ಕಲ್ಲಿಗೆ ಬೆನ್ನು ಹಾಕಿ, ಕಾಲಗಲಿಸಿ, ಹೊಟ್ಟೆ ಹಿಡಿದುಕೊಂಡು ಬಗ್ಗಿ, ಎರಡು ತೊಡೆಗಳ ನಡುವಿನಿಂದ ನೋಡತೊಡಗಿದ.

"ಏನಪ್ಪಾ ರೋಲಂಡು, ಕುರಿ ಮೇಯಿಸಿ ಮೇಯಿಸಿ ನೀನೇ ಮೇಯಕ್ ಹೊರಟ್ಯಾ?" ಎಂದ ಸಿರಿಲ್. ಎಷ್ಟೋ ಕಾಲದಿಂದ ಕೂಡಿಟ್ಟ ಸುಖ ಆ ಮಾತಿನಲ್ಲಿತ್ತು.

ಯಾರೂ ನಗಲಿಲ್ಲ. ಡೋರ್ಕಸ್ ಮಂಡಿ ಹಿಡಿದು ಬಗ್ಗಿದಳು. ಅಂಚೆಯ ಮುದುಕ ಬಗ್ಗಿದ. ಇಗರ್ಜಿಯ ಗಂಟೆ ಹೊಡೆಯುವವನು ಬಗ್ಗಿದ. ಊರಿನ ಹಿರಿಯರೆಲ್ಲ ಒಬ್ಬೊಬ್ಬರಾಗಿ ಅಂಡು ಮೇಲೆ ಮಾಡಿ, ಕಾಲಸಂದಿಯಿಂದ ಕಲ್ಲನ್ನು ದಿಟ್ಟಿಸಿದರು.

"ಇದೇ ಕಣ್ರೋ," ಎಂದಳು ಡೋರ್ಕಸ್, ಬಗ್ಗಿದಲ್ಲಿಂದಲೇ. "ಬೋಳಾಗಿತ್ತು."

ಸಿರಿಲನಿಗೆ ಅದು ದೊಡ್ಡಿಯ ಮೂಲೆಗಲ್ಲು, ಅಷ್ಟೇ. ಅದು ಊರಿನ ಗಡಿಕಲ್ಲೂ ಹೌದು. ಅವರೆಲ್ಲ ಚಿಕ್ಕವರಿದ್ದಾಗ ವಸಂತದಲ್ಲೊಂದು ದಿನ ಪಾದ್ರಿ ಊರವರನ್ನು ಕರೆದುಕೊಂಡು ಗಡಿ ಸುತ್ತುತ್ತಿದ್ದ. ಕಲ್ಲುಗಳ ಪಾಚಿಯನ್ನೆಲ್ಲ ಕೆರೆಸಿ, ಗಡಿ ಸಾಯುವತನಕ ಮರೆಯದಿರಲೆಂದು ಊರ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಾಲು ಹಿಡಿದು ತಲೆಕೆಳಗು ಮಾಡಿ, ಆ ಕಲ್ಲಿಗೆ ಹಣೆ ಕುಟ್ಟಿಸಿ, ಕೈಗೊಂದು ಬನ್ನು ಕೊಡುತ್ತಿದ್ದ. ಊರಿನ ಅಷ್ಟೂ ಮೂಗುಗಳು ಆ ನುಣುಪು ಮೈಗೆ ಒತ್ತಿದ್ದವು, ಅಷ್ಟೂ ಕಣ್ಣುಗಳು ಅದನ್ನು ಗೇಣು ದೂರದಿಂದ ಓದಿದ್ದವು, ಓದಲು ಅಲ್ಲಿ ಏನೂ ಇರಲಿಲ್ಲ. ಪಿಂಡರ್‌ಗಳು ಮಾತ್ರ ಇಗರ್ಜಿಯ ಜೊತೆ ಜಗಳವಾಡಿ ಮೆಥಡಿಸ್ಟ್ ಎಂಬ ಬೇರೆ ಪಂಥ ಸೇರಿದವರು. ಪಾದ್ರಿಯ ಆಟ ನಮಗೆ ಬೇಡವೆಂದು ಆ ದಿನ ಮಕ್ಕಳನ್ನು ಮನೆಯೊಳಗೆ ಕೂಡಿಹಾಕುತ್ತಿದ್ದರು. ಊರಿಗೆ ಊರೇ ಬಗ್ಗಿದ್ದ ಆ ಮೂಲೆಯಲ್ಲಿ, ಬಾಲ್ಯದಲ್ಲಿ ಆ ಕಲ್ಲಿಗೆ ತಲೆ ಕುಟ್ಟಿಸಿಕೊಳ್ಳದ ಒಬ್ಬನೇ ಒಬ್ಬ ಸ್ಥಳೀಯ ನೆಟ್ಟಗೆ ನಿಂತಿದ್ದ. ಅಕ್ಷರ ಕೆತ್ತಿದವನು ಯಾರೆಂದು ಅಧಿಕಾರಿಣಿ ಕೇಳಬೇಕಾಗಿಯೇ ಬರಲಿಲ್ಲ.