ಎರಡು ಸಲ ತಟ್ಟಿದರೆ ಲಾಕ್

"ರೀ ಕೋಚ್, ಭುಜ ಮುಟ್ಟೋ ಮುಂಚೆ ಒಂದು ಮಾತು ಹೇಳೋಕೆ ಏನ್ರೀ ಕಷ್ಟ ನಿಮಗೆ?"

ಗುಂಡಿನ ಸದ್ದು ತಡೆಯಲು ಕಿವಿಗೆ ಹಾಕಿದ್ದ ಮಫ್ ಕಿತ್ತು ಕೈಯಲ್ಲಿ ಹಿಡಿದು, ಗನ್ ರೂಮಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದ್ದೆ. ಅವನು ಪಿಸ್ತೂಲೊಂದನ್ನು ಬಿಚ್ಚಿ ಮೇಜಿನ ತುಂಬ ಹರಡಿಕೊಂಡು ಕೂತಿದ್ದ. ಬೆರಳಿಗೆಲ್ಲ ಕಪ್ಪು ಎಣ್ಣೆ.

ನನ್ನ ಭುಜ ನೋಡಿದ. ತನ್ನ ಬೆರಳು ನೋಡಿಕೊಂಡ. ಮತ್ತೆ ಭುಜ ನೋಡಿದ.

"ನಾನು ಮುಟ್ಟಿದ್ರೆ ಕಲೆ ಆಗ್ಬೇಕಿತ್ತಲ್ಲ ರೀ?"

ನನ್ನ ಶರಟು ಹಾಲಿನಷ್ಟು ಬೆಳ್ಳಗಿತ್ತು.

"ಯಾವ ಭುಜ?" ಎಂದ.

"ಎಡಗಡೆ. ಟಕ್ ಟಕ್ ಅಂತ ಎರಡು ಸಲ."

ಅವನ ಕೈಯಿಂದ ಪುಟ್ಟ ಸ್ಪ್ರಿಂಗ್ ಒಂದು ಜಾರಿ, ನೆಲಕ್ಕೆ ಬಿದ್ದು, ಎಲ್ಲೋ ಉರುಳಿಹೋಯಿತು. ಅವನು ಹುಡುಕಲಿಲ್ಲ.

"ಆಗ ನಿಮ್ಮ ಪಿಸ್ತೂಲಿನ ಸೇಫ್ಟಿ ಹೇಗಿತ್ತು?"

"ಅದಕ್ಕೂ ಭುಜಕ್ಕೂ ಏನು ಸಂಬಂಧ?"

"ಹೇಳ್ರೀ."

ಯೋಚಿಸಿದೆ. ಕೈ ನೋಯುತ್ತದೆ ಅಂತ ಪಿಸ್ತೂಲನ್ನು ಕಟ್ಟೆಯ ಮೇಲೆ ಇಟ್ಟಿದ್ದೆ. ಸೇಫ್ಟಿ ಲಿವರ್ ಕೆಳಗೇ ಇತ್ತು. ಅದರ ಪಕ್ಕದ ಕೆಂಪು ಚುಕ್ಕೆ ನನ್ನನ್ನೇ ನೋಡುತ್ತಿತ್ತು.

"ಲಾಕ್ ಹಾಕೋಕೆ ಮರೆತಿದ್ದೆ," ಎಂದೆ. ದನಿ ಅಷ್ಟರಲ್ಲಿ ಅರ್ಧಕ್ಕಿಳಿದಿತ್ತು.

ಅವನು ಕೈ ಒರೆಸಿಕೊಂಡು ಗಾಜಿನಾಚೆ ನೋಡಿದ. ಅಲ್ಲಿ ನಾನು ಗುಂಡು ಹೊಡೆಯುತ್ತಿದ್ದ, ಈಗ ಖಾಲಿಯಾದ ಲೇನ್ ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಟೆಸ್ಟ್ ಮಾಡುವವಳು. ಗುರಿ ಹೊಡೆಯುವಾಗ ಹಾಕುವ ಕನ್ನಡಕ ಬೇಕು ಅಂತ ಅವನು ಮೊದಲು ಬಂದಿದ್ದೇ ನನ್ನ ಅಂಗಡಿಗೆ. ಕತ್ತಲೆ ಕೋಣೆಯಲ್ಲಿ ಕೂರಿಸಿ, "ಗದ್ದ ಇಲ್ಲಿಡಿ, ಮಿಟುಕಿಸ್ಬೇಡಿ" ಎಂದು ಮೆಷಿನ್ನಿನಿಂದ ನೋಡಿದರೆ, ಎಡಗಣ್ಣಿನ ಕಂದು ಬಣ್ಣದಲ್ಲಿ ಜೇನಿನ ಹನಿಯಂಥ ಒಂದು ಚುಕ್ಕೆ. ಮಿಟುಕಿಸಬೇಡಿ ಎಂದವಳು ನಾನೇ ಮಿಟುಕಿಸಲು ಮರೆತಿದ್ದೆ.

ಮುಂದಿನ ವಾರ ಅವನು ಪಿಸ್ತೂಲು ಕಲಿಸುವ ರೇಂಜಿಗೆ ಸೇರಿಕೊಂಡೆ. "ಗುರಿ ಇಡೋದು ಕಲೀತೀನಿ" ಎಂದರೆ ಅಕ್ಕ ನಕ್ಕಳು. "ಇಟ್ಟಾಗಿದೆ ಬಿಡು. ಯಾರು ಆ ಪಾಪದವನು?"

ರೇಂಜ್ ಇರುವುದು ನೆಲಮಾಳಿಗೆಯಲ್ಲಿ. ಹಾಡಹಗಲಲ್ಲೂ ಒಳಗೆ ಹಗಲಿಲ್ಲ. ಗೋಡೆಗೆಲ್ಲ ಕಪ್ಪು ಸ್ಪಂಜು. ಮಾತಾಡಿದರೆ ಮಾತನ್ನು ಅದು ಕುಡಿದುಬಿಡುತ್ತದೆ. ಹೊಗೆಯನ್ನು ಮುಂದಕ್ಕೆ ತಳ್ಳಲು ಹಿಂದಿನಿಂದ ತಣ್ಣನೆ ಗಾಳಿ ಬಿಡುತ್ತಾರೆ, ಹಾಗಾಗಿ ಕುತ್ತಿಗೆಯ ಹಿಂದೆ ಸದಾ ಯಾರೋ ಉಸಿರಾಡಿದಂತೆ. ಮೂಲೆಯ ಮೊಳೆಯಲ್ಲಿ ಒಂದು ನೀಲಿ ಇಯರ್ ಮಫ್ ನೇತಾಡುತ್ತಿತ್ತು. ಅದನ್ನು ಯಾರೂ ಹಾಕಿಕೊಳ್ಳುತ್ತಿರಲಿಲ್ಲ.

ಮೊದಲ ಪಾಠವೇ ಸೇಫ್ಟಿ. ಹೆಬ್ಬೆರಳಿನಿಂದ ಲಿವರ್ ಮೇಲೆತ್ತಿದರೆ ಚುಕ್ಕೆ ಮುಚ್ಚಿ ಲಾಕ್. ಕೆಳಗಿಳಿಸಿದರೆ ಚುಕ್ಕೆ ಕಾಣುತ್ತದೆ, ಗುಂಡು ಹೊರಡಲು ಸಿದ್ಧ.

"ಆದ್ರೆ ಇದನ್ನ ನಂಬ್ಕೊಂಡು ಕೂರ್ಬೇಡಿ. ಸೇಫ್ಟಿ ಅಂದ್ರೆ ಚಿಲಕ ಅಷ್ಟೇ," ಎಂದಿದ್ದ. "ಚಿಲಕ ಹಾಕಿದೀವಿ ಅಂತ ಕಳ್ಳನ್ನ ಜಗಲಿ ಮೇಲೆ ಮಲಗಿಸ್ಕೋತೀವಾ? ಪಿಸ್ತೂಲಿನ ಬಾಯಿ ಯಾವಾಗ್ಲೂ ಟಾರ್ಗೆಟ್ ಕಡೆ. ಹೊಡೆಯೋವರೆಗೂ ಬೆರಳು ಟ್ರಿಗರ್‌ನಿಂದ ಹೊರಗೆ. ಅರ್ಥ ಆಯ್ತಾ, ಗಡಿಬಿಡಿ?"

ನನಗೆ ಆ ಹೆಸರು ಬಿದ್ದದ್ದು ಅಂದೇ. ಪಾಠಕ್ಕಿಂತ ಹೆಸರು ಚೆನ್ನಾಗಿ ನೆನಪುಳಿಯಿತು.

ಭುಜ ತಟ್ಟಿದ್ದು ಯಾರು ಅಂತ ಹೇಳಿದವರು ಹಲ್ಲಿನ ಡಾಕ್ಟರ್ ಅಂಕಲ್. ರೇಂಜಿನ ಹಳೇ ಮೆಂಬರು.

"ಎಡ ಭುಜಾನಾ?" ಅವರ ಕೈಯ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. "ನಮ್ಮ ಅಮ್ಮಾವ್ರು ಹಾಗೆ ತಟ್ತಿದ್ರು. ಕೋಚ್ ತಾಯಿ. ಈ ರೇಂಜ್ ಕಟ್ಟಿದ್ದೇ ಅವರು. ಮಫ್ ಹಾಕ್ಕೊಂಡ್ರೆ ಎಲ್ರೂ ಕಿವುಡ್ರೇ ಅಲ್ವೇನಮ್ಮ? ಕೂಗಿ ಏನು ಪ್ರಯೋಜನ? ಎರಡು ಸಲ ತಟ್ಟಿದ್ರೆ ಲಾಕ್ ಹಾಕು ಅಂತ. ಒಂದು ಸಲ ತಟ್ಟಿದ್ರೆ ತೆಗೆ, ಹೊಡಿ ಅಂತ."

"ಈಗ ಎಲ್ಲಿದಾರೆ?"

ಅಂಕಲ್ ಮೂಲೆಯ ನೀಲಿ ಮಫ್ ನೋಡಿದರು. "ಹೋಗಿ ಎರಡು ವರ್ಷ ಆಯ್ತು. ಅವತ್ತಿಂದ ಇಲ್ಲಿ ಯಾರೂ ಯಾರನ್ನೂ ತಟ್ಟಲ್ಲ. ಮಗ ನಿಲ್ಲಿಸಿಬಿಟ್ಟ."

ನನ್ನ ತೋಳಿನ ಕೂದಲು ಒಂದೊಂದೇ ಎದ್ದು ನಿಂತವು.

ಓಡಿಹೋಗಬೇಕಿತ್ತು, ಅಲ್ಲವೇ? ಓಡಿಹೋದರೆ ಆ ಜೇನಿನ ಚುಕ್ಕೆಯ ಕಣ್ಣು ಸಿಗುವುದು ಮತ್ತೆಲ್ಲಿ? ಉಳಿದುಕೊಂಡೆ. ಲಾಕ್ ಮರೆತಾಗಲೆಲ್ಲ ಎಡ ಭುಜದ ಮೇಲೆ ಎರಡು ಬೆರಳು, ಟಕ್ ಟಕ್. ತಿರುಗಿ ನೋಡಿದರೆ ಬರಿಯ ಗಾಳಿ. ಒಮ್ಮೆ ಮೂಲೆಗೆ ಹೋಗಿ ನೀಲಿ ಮಫ್ಫಿನ ಮೆತ್ತೆ ಮುಟ್ಟಿದೆ. ಈಗಷ್ಟೇ ಯಾರೋ ತೆಗೆದಿಟ್ಟಂತೆ ಬೆಚ್ಚಗಿತ್ತು.

ಬರಬರುತ್ತಾ ಹೆಬ್ಬೆರಳೇ ಕಲಿತುಬಿಟ್ಟಿತು. ಭುಜಕ್ಕೆ ಟಕ್ ಟಕ್ ಎಂದರೆ ಸಾಕು, ನಾನು ಹೆದರುವ ಮೊದಲೇ ಅದು ಲಿವರ್ ಮೇಲೆತ್ತಿಬಿಡುತ್ತಿತ್ತು.

"ಇವತ್ತೂ ತಟ್ಟಿದ್ರಾ?" ಎಂದು ಅವನು ಕೇಳುತ್ತಿದ್ದ. ಎಲ್ಲಿ, ಹೇಗೆ, ಮೆಲ್ಲಗೋ ಜೋರಾಗೋ, ಎಲ್ಲ ಬೇಕು ಅವನಿಗೆ. ಒಂದು ದಿನ ತಲೆ ತಗ್ಗಿಸಿ ಹೇಳಿದ:

"ನನಗೆ ಒಂದು ಸಲನೂ ತಟ್ಟಿಲ್ಲ ಗೊತ್ತಾ? ನಾನು ಮರೆಯೋದೇ ಇಲ್ವಲ್ಲ. ಖಾಲಿ ಪಿಸ್ತೂಲಿಟ್ಕೊಂಡು ಬೇಕಂತಲೇ ಲಾಕ್ ತೆಗೆದಿಟ್ಟು ಕಾದು ನೋಡಿದೆ. ಬರಲಿಲ್ಲ. ಖಾಲಿ ಅಂತ ಅಮ್ಮನಿಗೆ ಗೊತ್ತಾಗಿರುತ್ತೆ."

ನಗುತ್ತಲೇ ಹೇಳಿದ.

"ಬನ್ನಿ, ಹೊರಗೆ ಒಂದು ಕಾಫಿ ಕುಡಿಯೋಣ," ಎಂದೆ.

ಕಣ್ಣೆತ್ತಿದ. ಬರುತ್ತೇನೆ ಎಂದಿತು ಕಣ್ಣು. ಬಾಯಿ ಮಾತ್ರ, "ಲೈನ್ ಮೇಲೆ ನಿಲ್ಲೋ ಶಿಷ್ಯೆ ಜೊತೆ ಕಾಫಿ ಇಲ್ಲ. ಅಮ್ಮನ ರೂಲು," ಎಂದಿತು.

"ನಿಮ್ಮಮ್ಮನ ರೂಲು ಇನ್ನೆಷ್ಟಿವೆ?"

"ದೊಡ್ಡದು ಇನ್ನೊಂದೇ. ಪಿಸ್ತೂಲು ಹಿಡ್ಕೊಂಡು ಹಿಂದಕ್ಕೆ ತಿರುಗಿದ್ರೆ ಅವತ್ತೇ ಮೆಂಬರ್ ಕಾರ್ಡ್ ವಾಪಸ್. ಮತ್ತೆ ಈ ಬಾಗಿಲು ದಾಟೋ ಹಾಗಿಲ್ಲ. ಸ್ವಂತ ತಮ್ಮನನ್ನೇ ಹೊರಗೆ ಹಾಕಿದ್ರು. ನಮ್ಮ ಸೋದರಮಾವ ಇವತ್ತಿಗೂ ಮುನಿಸ್ಕೊಂಡಿದಾರೆ."

ಅಂದರೆ ಒಳಗಿದ್ದರೆ ಬರಿಯ ಶಿಷ್ಯೆ. ಹೊರಗೆ ಹೋದರೆ ಏನೂ ಅಲ್ಲ. ಒಳ್ಳೇ ಅಡಕತ್ತರಿಯಲ್ಲಿ ಸಿಕ್ಕಿಸಿದಿರಿ ಅಮ್ಮಾವ್ರೇ ಎಂದು ಖಾಲಿ ಲೇನಿನ ಕಡೆ ನೋಡಿ ಗೊಣಗಿದೆ. ನೀಲಿ ಮಫ್ ಸ್ವಲ್ಪ ಅಲ್ಲಾಡಿತು. ಗಾಳಿ ಇರಬೇಕು.

ಆಮೇಲೆ ಆ ದಿನ ಬಂತು. ಲೈನಿನ ಮೇಲೆ ನಾನೊಬ್ಬಳೇ. ಉಸಿರು ಹಿಡಿದು ಒತ್ತಿದೆ. ಗುಂಡು ಟಾರ್ಗೆಟ್ಟಿನ ನಟ್ಟನಡುವಿನ ವೃತ್ತಕ್ಕೇ ಬಿತ್ತು, ಜೀವಮಾನದಲ್ಲಿ ಮೊದಲ ಸಲ. ಕನ್ನಡಕದ ಅಂಚಿನಲ್ಲಿ ಅವನು ಹಿಂದಿನಿಂದ ಬರುವುದು ಕಂಡಿತು. ತೋರಿಸಬೇಕು! ಈಗಲೇ! ಎದೆಯೊಳಗೆ ಅದೊಂದೇ ಕುಣಿತ.

ಟಕ್ ಟಕ್.

ಈ ಸಲ ಮೆಲ್ಲಗಲ್ಲ. ಭುಜದ ಮೂಳೆಗೇ ನಾಟುವ ಹಾಗೆ. ಹೆಬ್ಬೆರಳು ತಾನಾಗಿ ಮೇಲೆದ್ದಿತು. ನಾನು ಮಾತ್ರ ನಿಲ್ಲಲಿಲ್ಲ.

"ನೋಡಿದ್ರಾ ಕೋಚ್!" ಎಂದು ಗರಕ್ಕನೆ ತಿರುಗಿದೆ. ಪಿಸ್ತೂಲಿನ ಸಮೇತ. ಖುಷಿಗೆ ಕೈಮುಷ್ಟಿ ಬಿಗಿಯಾಯಿತು. ಬೆರಳು ಟ್ರಿಗರ್ ಒಳಗೇ ಇತ್ತು. ಒತ್ತಿತು.

ಏನೂ ಆಗಲಿಲ್ಲ.

ಪಿಸ್ತೂಲಿನ ಬಾಯಿ ಅವನ ಎದೆಯನ್ನೇ ನೋಡುತ್ತಿತ್ತು. ಅವನು ಕೈಗೆಟುಕದಷ್ಟು ದೂರದಲ್ಲಿದ್ದ. ಎರಡೂ ಕೈಯಲ್ಲಿ ಹೊಸ ಟಾರ್ಗೆಟ್ ಹಾಳೆಗಳ ಕಟ್ಟು. ನನ್ನ ಭುಜ ತಟ್ಟಿದ್ದು ಅವನಲ್ಲ.

ಒಂದು ಕೈ ನಿಧಾನವಾಗಿ ಎತ್ತಿ ಮುಂದಕ್ಕೆ ತೋರಿಸಿದ. ಮಾತು ಕೇಳಲಿಲ್ಲ, ತುಟಿ ಕಂಡಿತು. "ಮೆಲ್ಲಗೆ. ಹಾಗೇ ಆ ಕಡೆ ತಿರುಗಿ. ಕೆಳಗಿಡಿ."

ಇಟ್ಟೆ. ಲಿವರ್ ಮೇಲಿತ್ತು, ಚುಕ್ಕೆ ಮುಚ್ಚಿತ್ತು. ಅಲ್ಲೇ ನೆಲದ ಮೇಲೆ ಕೂತೆ. ಒಂದು ಬೆರಳಿನಗಲದ ಕಬ್ಬಿಣದ ತುಂಡು ಇಲ್ಲದಿದ್ದರೆ ಆ ಜೇನಿನ ಚುಕ್ಕೆಯನ್ನು ನಾನೇ...

ಅವನು ಬಂದು ನನ್ನೆದುರು ಮಂಡಿಯೂರಿ ನನ್ನ ಕಿವಿಯ ಮಫ್ ತೆಗೆದ.

"ಕಾರ್ಡ್ ಕೊಡಿ," ಎಂದ.

"ಕೋಚ್, ದಮ್ಮಯ್ಯ..."

"ಕೊಡಿ ರೀ."

ಕೊಟ್ಟೆ. ಅಳುತ್ತಾ ಮೆಟ್ಟಿಲು ಹತ್ತಿದೆ. ತಿರುಗಿ ನೋಡಿದಾಗ ಅವನು ಮೂಲೆಯ ನೀಲಿ ಮಫ್ಫನ್ನು ಎದೆಗೊತ್ತಿಕೊಂಡು ನಿಂತಿದ್ದ.

ಮರುದಿನ ಅಂಗಡಿಯಲ್ಲಿ ಯಾರ ಮುಖವನ್ನೂ ನೋಡದೆ ಕೆಲಸ ಮಾಡಿದೆ. "ಮುಂದಿನವರು ಬನ್ನಿ. ಗದ್ದ ಇಲ್ಲಿಡಿ" ಎಂದು ದೀಪ ಆರಿಸಿ, ಬಾಗಿಲು ಮುಚ್ಚಿ ಮೆಷಿನ್ನಿಗೆ ಕಣ್ಣಿಟ್ಟೆ.

ಎಡಗಣ್ಣಿನಲ್ಲಿ ಜೇನಿನ ಹನಿ.

"ನಿಮ್ಮ ಕಣ್ಣು ಸರಿಯಾಗೇ ಇದೆಯಲ್ಲ," ಎಂದೆ, ಉಸಿರು ಸಿಕ್ಕಮೇಲೆ.

"ಇಲ್ಲ. ನಿನ್ನೆಯಿಂದ ಒಬ್ಬಳನ್ನ ಬಿಟ್ಟು ಬೇರೇನೂ ಕಾಣ್ತಿಲ್ಲ."

"ಕಾರ್ಡ್ ಕಿತ್ಕೊಂಡವರು ಹಾಗೆಲ್ಲ ಮಾತಾಡಬಾರದು."

"ಕಿತ್ಕೊಂಡಿದ್ದಕ್ಕೇ ಮಾತಾಡ್ತಿರೋದು. ನೀನೀಗ ಶಿಷ್ಯೆ ಅಲ್ಲ ನೋಡು."

ನೀನು. ಆ ಒಂದು ಪದ ಕತ್ತಲೆಯಲ್ಲಿ ಕೆನ್ನೆ ಸವರಿದಂತಾಯಿತು.

"ನಾನು ನಿಮ್ಮನ್ನ ಕೊಂದೇಬಿಡ್ತಿದ್ದೆ."

"ಗೊತ್ತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಭಯ ಅಂತ ಅಂದ್ಕೊಂಡೆ. ಭಯ ಅಲ್ಲ." ಏನೋ ಹೇಳಹೊರಟು ತಡೆದುಕೊಂಡ. "ಹೇಗೆ ಹೇಳೋದು ಗೊತ್ತಾಗ್ತಿಲ್ಲ. ಇಷ್ಟು ದಿನ ಎಲ್ಲಾನೂ ಲಾಕ್ ಮಾಡೇ ಇಟ್ಕೊಂಡಿದ್ದೆ."

ಆಮೇಲೆ ಅವನು ಕಲ್ಲಾದ.

ಮೆಷಿನ್ನಿನೊಳಗೆ ಅವನ ಕಣ್ಣು ನನ್ನ ಮುಂದೆಯೇ ಅಗಲವಾಯಿತು. ನನ್ನ ಎರಡು ಕೈಯೂ ಮೆಷಿನ್ನಿನ ಮೇಲಿದ್ದವು. ಅವನ ಕೈ ಅವನ ಮಂಡಿಯ ಮೇಲೆ. ಫ್ಯಾನ್ ಹಾಕಿರಲಿಲ್ಲ. ಆದರೂ ಅವನ ಹಿಂದಿನಿಂದ ತಣ್ಣನೆ ಗಾಳಿಯೊಂದು ಬಂದು ನನ್ನ ಮುಂಗುರುಳು ಸರಿಸಿತು. ಬಂದೂಕಿನ ಎಣ್ಣೆಯ ವಾಸನೆ.

ಜೇನಿನ ಹನಿಯ ಮೇಲೆ ನೀರು ತುಂಬಿಕೊಂಡಿತು.

"ಎಡ ಭುಜಾನಾ?" ಪಿಸುಗುಟ್ಟಿದೆ.

"ಹೂಂ."

"ಎಷ್ಟು ಸಲ?"

"ಒಂದೇ ಸಲ."

"ಲಾಕ್ ತೆಗಿ ಅಂತಿದಾರಲ್ಲ, ಮತ್ತೆ ಯಾಕೆ ಕಾಯ್ತಿದೀರಾ?"

ಅಳುತ್ತಾ ನಕ್ಕ. "ನೀನಿಲ್ಲದಿದ್ರೆ ರೇಂಜಲ್ಲಿ ಎಲ್ರೂ ಸರಿಯಾಗೇ ಲಾಕ್ ಹಾಕ್ತಾರೆ ಕಣೇ. ಅಮ್ಮನಿಗೂ ಬೇಜಾರು, ನನಗೂ ಬೇಜಾರು. ಮದುವೆ ಆಗ್ತೀಯಾ, ಗಡಿಬಿಡಿ?"

"ಆಗ್ತೀನಿ," ಎಂದೆ ಜೋರಾಗಿ, ಕೋಣೆಯಲ್ಲಿದ್ದ ಇಬ್ಬರಿಗೂ ಕೇಳುವ ಹಾಗೆ.