ವಿಭೂತಿ ಹಚ್ಚಿದ ಮೂರು ಡಬ್ಬಿ

ರವಿವಾರ ಮುಂಜಾನೆ ಹಾಲು ಕಾಯುವ ಹೊತ್ತಿಗೆ ಯುನುಸ ತನ್ನ ಆಟೋ ತಗೊಂಡು ಬೀದರಿನ ಚಿದ್ರಿ ಬಡಾವಣೆಯ ಸುಮನಬಾಯಿಯ ಮನೆಗೆ ಬಂದಾಗ, ಒಳಗೆ ಯಾರೋ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಕೆಂಪಗಿದ್ದವು, ಕಣ್ಣೀರು ಮುಗಿದುಹೋಗಿತ್ತು.

ಸುಮನಬಾಯಿ ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದಾಕೆ. ಊರೂರಿನ ಹಾಲು, ಖಾರದ ಪುಡಿ, ಡಬ್ಬಿಯ ತಿನಿಸು ಎಲ್ಲವನ್ನೂ ಮೂಸಿ, ತೂಗಿ, ಒಡೆದು ನೋಡಿದ ಮೂಗು ಅದು. ನಿವೃತ್ತಿಯಾದ ಮೇಲೆ ಜನ ತಮ್ಮ ಸಂಕಟಗಳನ್ನೇ ಹೊತ್ತು ತರತೊಡಗಿದ್ದರು. ಪೊಲೀಸರ ಕೈಗೆ ಸಿಗದ ಎರಡು ಮೂರು ಗಂಟುಗಳನ್ನು ಆಕೆ ಬಿಚ್ಚಿದ್ದಳು. ಸುಮನಬಾಯಿಯನ್ನು ಊರೂರು ತಿರುಗಿಸುವುದು, ಆಮೇಲೆ ಆ ಕತೆಗಳಿಗೆ ಉಪ್ಪು ಖಾರ ಹಚ್ಚಿ ಆಟೋ ಹತ್ತಿದ ಸವಾರಿಗಳಿಗೆ ಹೇಳುವುದು, ಇವೆರಡೂ ಯುನುಸನ ಕೆಲಸ.

"ನಾ ವಿಷ ಹಾಕೀನಂತರಿ ಬಾಯಿ," ಅಂದಳು ಹೆಂಗಸು. "ಇಡೀ ಭಾಲ್ಕಿ ಅಂತದ."

ಆಕೆ ಈಶ್ವರಿ, ಭಾಲ್ಕಿಯ ದಾಸೋಹ ಭವನದ ಅಡುಗೆಯವಳು. ಗುರುವಾರ ಅಲ್ಲಿ ತಿಂಗಳ ಪ್ರಾರ್ಥನೆ ಮುಗಿಸಿ ಇನ್ನೂರು ಜನ ಉಂಡಿದ್ದರು. ಊಟದಲ್ಲಿ ಡಬ್ಬಿಯ ಸ್ವೀಟ್ ಕಾರ್ನ್ ಹಾಕಿ ಕಲೆಸಿದ ಕೋಸಂಬರಿ ಇತ್ತು. ಡಬ್ಬಿಗಳನ್ನು ದಾನ ಕೊಟ್ಟವರು ಶಿವರಾಜಪ್ಪ. ಗಂಜ್ ಮಾರುಕಟ್ಟೆಯಲ್ಲಿ ನಲವತ್ತು ವರ್ಷದ ಎಣ್ಣೆ ಅಂಗಡಿ ಅವರದು, ಭವನದ ಹಿರಿಯರೂ ಅವರೇ. ಶುಕ್ರವಾರ ಸಂಜೆ ಅವರ ಹೆಂಡತಿ ಶಿವಕಾಂತಾ ದೀಪ ಹಚ್ಚುತ್ತ, ಒಂದು ದೀಪ ಎರಡಾಗಿ ಕಾಣುತ್ತದೆ ಅಂದರಂತೆ. ಶನಿವಾರ ರೆಪ್ಪೆ ಎತ್ತಲಾಗಲಿಲ್ಲ, ನಾಲಿಗೆ ದಪ್ಪಾಯಿತು, ಗುಟುಕು ನೀರು ಇಳಿಯಲಿಲ್ಲ. ಈಗ ಬೀದರಿನ ಆಸ್ಪತ್ರೆಯಲ್ಲಿ ಯಂತ್ರ ಅವರ ಬದಲಿಗೆ ಉಸಿರಾಡುತ್ತಿತ್ತು. ಇನ್ನೂ ಮೂವರು ಹೆಂಗಸರಿಗೆ ಅದೇ ಬೇನೆ, ಸ್ವಲ್ಪ ಕಡಿಮೆ. ನಾಲ್ವರೂ ಕೊನೆಯ ಪಂಕ್ತಿಯವರು.

ಈಶ್ವರಿ ಮಾತ್ರ ಅಂದು ಉಂಡಿರಲಿಲ್ಲ. ಗುರುವಾರ ಆಕೆಗೆ ಒಪ್ಪತ್ತು, ರಾತ್ರಿಯಷ್ಟೇ ಊಟ. ಆದರೆ ಮಾಡಿದಾಕೆ ಮುಟ್ಟಲಿಲ್ಲ ಅಂದರೆ ಊರಿಗೆ ಅಷ್ಟೇ ಸಾಕಾಯಿತು. ಮೇಲಾಗಿ ಎರಡು ದಿನ ಮೊದಲು ಆಕೆ ಔರಾದ ತಾಲೂಕಿನ ಎಕಂಬಾಕ್ಕೆ, ತವರಿಗೆ ಹೋಗಿ ಬಂದಿದ್ದಳು. ಅಲ್ಲಿ ಅಣ್ಣನ ಮನೆಯಲ್ಲಿ ತೊಗರಿಗೆ ಹೊಡೆಯುವ ಔಷಧಿ ಇತ್ತು. ಹೋದ ತಿಂಗಳು ಸಾರಿನ ಉಪ್ಪಿನ ಮೇಲೆ ಶಿವಕಾಂತಾ ಅವರ ಜೊತೆ ಮಾತಿಗೆ ಮಾತು ಬೆಳೆದಿತ್ತು. ದೂರು ಬರೆದು ಕೊಟ್ಟವರು ಖುದ್ದು ಶಿವರಾಜಪ್ಪ. ಸೋಮವಾರ ಠಾಣೆಗೆ ಬಾ, ಬಟ್ಟೆ ಗಂಟು ಕಟ್ಟಿಕೊಂಡೇ ಬಾ ಅಂದಿದ್ದರು ಪೊಲೀಸರು.

ಸುಮನಬಾಯಿ ಔಷಧಿಯ ಮಾತೂ ಎತ್ತಲಿಲ್ಲ, ಜಗಳದ ಮಾತೂ ಎತ್ತಲಿಲ್ಲ.

"ಡಬ್ಬಿ ನೀ ಹ್ಯಾಂಗ ತೆರೀತಿ, ಅದು ಹೇಳು. ಮೊದಲಿಂದ."

ಈಶ್ವರಿ ಕಣ್ಣೊರೆಸಿಕೊಂಡು ಹೇಳಿದಳು. ಹೇಳುತ್ತ ಹೇಳುತ್ತ ದನಿಗೆ ಕಸುವು ಬಂತು, ತನ್ನ ಕೆಲಸದ ಮಾತಲ್ಲವೇ. ಮೊದಲು ಡಬ್ಬಿಯನ್ನು ಸುತ್ತ ತಿರುಗಿಸಿ ನೋಡುವುದು. ಉಬ್ಬಿದ್ದು, ಸೋರಿದ್ದು, ಅಂಚಿನಲ್ಲಿ ನೆಗ್ಗಿದ್ದು ಬೇಡ. ಆಮೇಲೆ ಹಸಿ ಬಟ್ಟೆಯಿಂದ ಮುಚ್ಚಳ ಒರೆಸುವುದು, ಓಪನರನ್ನು ತೊಳೆಯುವುದು. ತೆರೆದ ಮೇಲೆ ಡಬ್ಬಿಯಲ್ಲಿ ಒಂದು ಕಾಳೂ ಬಿಡದೆ ಸ್ಟೀಲ್ ಪಾತ್ರೆಗೆ ಸುರಿಯುವುದು. ಕೊಯ್ದ ಮುಚ್ಚಳವನ್ನು ಅದದೇ ಡಬ್ಬಿಯೊಳಗೆ ತುರುಕಿ ಬಾಯಿ ಹಿಸುಕುವುದು, ಕಸ ಎತ್ತುವವರ ಕೈ ಕೊಯ್ಯಬಾರದು ಅಂತ.

ಬುಧವಾರ ಸಂಜೆ ಎಣಿಸುವಾಗ ಹನ್ನೆರಡರಲ್ಲಿ ಮೂರು ಡಬ್ಬಿಗಳ ಹೊಟ್ಟೆ ಉಬ್ಬಿತ್ತು. ಇವು ನಡೆಯುವುದಿಲ್ಲ ಅಂತ ಎಲ್ಲರ ಮುಂದೆಯೇ ಹೇಳಿದಳು. ಶಿವರಾಜಪ್ಪನವರ ಮುಖ ಸಣ್ಣದಾಯಿತು. ಆಕೆ ಮೂರನ್ನೂ ಮೂಲೆಯಲ್ಲಿ ಬೋರಲು ಇಟ್ಟು, ಮೇಲೆ ಬಂದ ತಳದ ಮೇಲೆ ಚಾಕುವಿನ ತುದಿಯಿಂದ ಅಡ್ಡಡ್ಡ ಎರಡು ಗೀರು ಹಾಕಿ ಮನೆಗೆ ಹೋದಳು.

"ಮುಂಜಾನಿ ಬಂದು ನೋಡ್ತೇನಿ, ಮೂಲ್ಯಾಗ ಏನೂ ಇಲ್ರಿ. ಕಟ್ಟಿ ಮ್ಯಾಲ ಹನ್ನೆರಡೂ ಡಬ್ಬಿ ಕುಂತಾವ, ಒಂದೂ ಉಬ್ಬಿಲ್ಲ. ಮೂರಕ್ಕ ವಿಭೂತಿ ಹಚ್ಚಿತ್ತು. ಬದಲಿ ಡಬ್ಬಿ ತಂದು ಪೂಜಾ ಮಾಡ್ಯಾರ ಅಂದ್ಕೊಂಡೆ."

"ಮುಚ್ಚಳ ಒರಸಿದಿ?"

ಈಶ್ವರಿ ಸೆರಗಿನ ತುದಿ ಸುತ್ತಿದಳು. "ಒಂಬತ್ತು ಒರಸೀನಿ. ಆ ಮೂರು... ವಿಭೂತಿ ಹ್ಯಾಂಗ ಒರಸ್ಲಿರಿ ಬಾಯಿ? ಕಣ್ಣಿಗಿ ಒತ್ಗೊಂಡು ತೆರದೆ. ಕಡೀ ಪಂಕ್ತಿಗಿ."

ಸುಮನಬಾಯಿ ಎದ್ದು ಚಪ್ಪಲಿ ಮೆಟ್ಟಿದಳು. "ಯುನುಸ, ಭಾಲ್ಕಿ."

*

ದಾರಿಯುದ್ದಕ್ಕೂ ಯುನುಸ ಮೂವರ ಮೇಲೆ ಸಂಶಯ ಪಟ್ಟು ಮುಗಿಸಿದ. ಈಶ್ವರಿ ಹೇಳಿದಂತೆ, ಆಕೆಯನ್ನು ಬಿಟ್ಟರೆ ಭವನದ ಅಡುಗೆಮನೆಯ ಕೀಲಿಕೈ ಇದ್ದದ್ದು ಮೂವರ ಹತ್ತಿರ. ಶಿವರಾಜಪ್ಪ ಒಬ್ಬರು, ಆದರೆ ಅವರ ಹೆಂಡತಿಯೇ ಸಾವಿನ ಬಾಗಿಲಲ್ಲಿದ್ದರು, ಪಾಪ. ಅವರ ಅಣ್ಣನ ಮಗ ಅಮಿತಕುಮಾರ ಇನ್ನೊಬ್ಬ. ಡಬ್ಬಿಯ ತಿನಿಸಿನ ಅಂಗಡಿ ಅವನದು, ಈ ಡಬ್ಬಿಗಳನ್ನು ಹೈದರಾಬಾದಿನಿಂದ ತಂದವನು ಅವನೇ. ಮೂರನೆಯವಳು ಕಾಯಿಪಲ್ಯ ಹೆಚ್ಚುವ ಶಾಲುಬಾಯಿ. ಅಡುಗೆಯ ಹಿರೇತನ ಈಶ್ವರಿಗೆ ಹೋದಾಗಿನಿಂದ ಈಶ್ವರಿಯ ಜೊತೆ ಮಾತು ಬಿಟ್ಟವಳು.

"ನನ್ನ ಕೇಳಿದ್ರ ಅಮಿತಕುಮಾರ," ಅಂದ ಯುನುಸ.

"ನಿನ್ನ ಯಾರು ಕೇಳ್ಯಾರ? ಮುಂದ ನೋಡಿ ಹೊಡಿ," ಅಂದಳು ಬಾಯಿ.

ಭವನದಲ್ಲಿ ಶಿವರಾಜಪ್ಪ ಒಬ್ಬರೇ ಇದ್ದರು. ಹೆಂಡತಿ ಕಣ್ಣು ತೆರೆಯುವ ತನಕ ದೀಪ ಆರಬಾರದು ಅಂತ ಹರಕೆ ಹೊತ್ತು, ಎಣ್ಣೆ ಹಾಕಿ ಮತ್ತೆ ಆಸ್ಪತ್ರೆಗೆ ಹೋಗುವವರಿದ್ದರು. ಹದಿನೈದು ಕಿಲೋ ಎಣ್ಣೆಯ ಹೊಸ ಡಬ್ಬಿಯ ಮುಂದೆ ಕೂತು ಕಣ್ಣೀರಿಳಿಸುತ್ತಲೇ ಮಾತಾಡಿದರು. ಈಶ್ವರಿಗೆ ಅನ್ನ ಕೊಟ್ಟ ಮನೆ ನಮ್ಮದು ಬಾಯಿಯವರೆ, ಇಂಥಾದ್ದು ಮಾಡಬಾರದಿತ್ತು ಅಂದರು. ಬಾಯಿಯಲ್ಲಿ ಈ ಮಾತು ನಡೆದಿರುವಾಗ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಮೊಳೆ ಇಟ್ಟು ಕಲ್ಲಿನಿಂದ ಈ ಮೂಲೆಗೊಂದು ಪೆಟ್ಟು, ಎದುರು ಮೂಲೆಗೊಂದು ಪೆಟ್ಟು. ಎಣ್ಣೆ ಗುಟುಗುಡದೆ ಸಣ್ಣ ಧಾರೆಯಾಗಿ ದೀಪಕ್ಕಿಳಿಯಿತು. ಆಮೇಲೆ ಗೂಡಿನಿಂದ ಬಟ್ಟೆ ಸಾಬೂನಿನ ತುಂಡು ತೆಗೆದು ಎರಡೂ ತೂತಿನ ಮೇಲೆ ತಿಕ್ಕಿ ಮುಚ್ಚಿದರು. ನಲವತ್ತು ವರ್ಷದ ಕೈ, ನೋಡಬೇಕು ಅನ್ನಿಸುವಂತಿತ್ತು. ಯುನುಸನಿಗೆ ಅವರ ಮೇಲೆ ಕನಿಕರ ಉಕ್ಕಿತು.

ಅಮಿತಕುಮಾರನನ್ನು ಅವನ ಅಂಗಡಿಯಲ್ಲಿ ಹಿಡಿದರು. ಡಬ್ಬಿಗಳು ಇಡೀ ಬೇಸಿಗೆ ತಗಡಿನ ಪತ್ರಾಸು ಹೊದಿಸಿದ ಗೋದಾಮಿನಲ್ಲಿ ಬಿದ್ದಿದ್ದವು ಅಂತ ಒಪ್ಪಿಕೊಂಡ. ಖಾಲಿ ಡಬ್ಬಿ ಎಲ್ಲಿ ಅಂದರೆ ಬೆವರೊರೆಸಿಕೊಂಡು, ಶುಕ್ರವಾರವೇ ಗುಜರಿಗೆ ಹೋದವು ಅಂದ. ಶಾಲುಬಾಯಿ, ಉಬ್ಬಿದ ಡಬ್ಬಿ ನಾ ನೋಡೇ ಇಲ್ಲ ಅಂದು ಒಳಗೆ ಹೋದಳು.

ಗುಜರಿಯ ಅಬ್ದುಲ ಗಫೂರ ಯುನುಸನ ಸೋದರಮಾವನ ಕಡೆಯವನು. ಚೀಲ ಇನ್ನೂ ಬಿಚ್ಚಿರಲಿಲ್ಲ. ಬಾಯಿ ಕೈಗವಸು ಹಾಕಿಕೊಂಡು ಹನ್ನೆರಡು ಡಬ್ಬಿಗಳನ್ನು ಸಾಲಾಗಿಟ್ಟಳು. ಒಂದೊಂದರೊಳಗೂ ಅದದರ ಮುಚ್ಚಳ ಇತ್ತು.

"ತಳ ನೋಡು."

ಯುನುಸ ನೋಡಿದ. ಮೂರು ಡಬ್ಬಿಗಳ ತಳದಲ್ಲಿ ಅಡ್ಡಡ್ಡ ಗೀರುಗಳಿದ್ದವು. ಬದಲಿ ಡಬ್ಬಿ ಬಂದೇ ಇರಲಿಲ್ಲ. ಈಶ್ವರಿ ಬೇಡವೆಂದು ತೆಗೆದಿಟ್ಟ ಡಬ್ಬಿಗಳೇ ಹೊಟ್ಟೆ ಇಳಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಗೆ ಮರಳಿದ್ದವು.

ಬಾಯಿ ಆ ಮೂರರ ಮುಚ್ಚಳಗಳನ್ನು ಇಕ್ಕಳದಿಂದ ಎಳೆದಳು. ಒಣಗಿದ ವಿಭೂತಿಯ ಅಡಿಯಲ್ಲಿ ಬಿಳಿ ಚುಕ್ಕೆಗಳಿದ್ದವು. ಒಂದು ಹನಿ ನೀರು ಬಿಟ್ಟು ಕಡ್ಡಿಯಿಂದ ಕೆದಕಿದಳು. ಚುಕ್ಕೆ ನೊರೆಯಾಯಿತು, ಒಳಗೆ ಮೊಳೆಯ ತೂತು ಕಂಡಿತು. ಅಲ್ಲಿಂದಲೇ ಆಸ್ಪತ್ರೆಯ ಡಾಕ್ಟರಿಗೆ ಫೋನು ಹಚ್ಚಿದಳು. ಹೊಲದ ಔಷಧಿಯಲ್ಲ, ಕೆಟ್ಟ ಡಬ್ಬಿಯ ವಿಷ, ನನ್ನ ಕೈಯಲ್ಲಿ ಡಬ್ಬಿ ಇದೆ ಅಂದಳು. ತನಗೂ ಅದೇ ಅನುಮಾನವಿತ್ತು, ಆದರೆ ಡಬ್ಬಿ ಚೆನ್ನಾಗಿದ್ದವು ಅಂತ ಮನೆಯವರು ಆಣೆ ಮಾಡಿ ಹೇಳಿದ್ದರು ಅಂದರು ಡಾಕ್ಟರು. ಅದರ ಪ್ರತಿಮದ್ದು ಇಲ್ಲೆಲ್ಲೂ ಸಿಗುವುದಿಲ್ಲ, ಈಗಲೇ ದೂರದಿಂದ ತರಿಸುತ್ತೇನೆ ಅಂದರು.

ಫೋನು ಇಟ್ಟ ಮೇಲೆ ಬಾಯಿ ಆ ಮೂರು ಡಬ್ಬಿ, ಮುಚ್ಚಳಗಳನ್ನು ಬೇರೆ ಚೀಲಕ್ಕೆ ಹಾಕಿ ಗಂಟು ಕಟ್ಟಿ, ಠಾಣೆಗೆ ಫೋನು ಹಚ್ಚಿದಳು.

*

ಮಧ್ಯಾಹ್ನ ಭವನದಲ್ಲಿ ಎಲ್ಲರೂ ಕೂಡಿದರು. ಇನ್ಸ್‌ಪೆಕ್ಟರ್ ನಜಮೋದ್ದೀನ ಬಾಗಿಲ ಹತ್ತಿರ ನಿಂತಿದ್ದರು. ಆಸ್ಪತ್ರೆಯಿಂದ ಕರೆಸಿದ ಶಿವರಾಜಪ್ಪ ಚಾಪೆಯ ಮೇಲೆ, ಪಕ್ಕದಲ್ಲಿ ಅಮಿತಕುಮಾರ. ಕಂಬದ ಮರೆಯಲ್ಲಿ ಶಾಲುಬಾಯಿ, ಎಲ್ಲರಿಗೂ ದೂರ ಈಶ್ವರಿ.

"ಹೊಲದ ಔಷಧಿ ಹೊಟ್ಟ್ಯಾಗ ಹೋದ್ರ ತಾಸಿನ್ಯಾಗ ವಾಂತಿ, ಜೊಲ್ಲು," ಅಂತ ಸುಮನಬಾಯಿ ಶುರು ಮಾಡಿದಳು. "ಶಿವಕಾಂತಾ ಅವ್ರು ಮರುದಿನ ಸಂಜೀತನಾ ಓಡ್ಯಾಡ್ಯಾರ. ಆಮ್ಯಾಲ ಒಂದು ದೀಪ ಎರಡು ಕಾಣ್ತು, ರೆಪ್ಪಿ ಬಿತ್ತು. ಬುದ್ಧಿ ಮಾತ್ರ ನೆಟ್ಟಗ. ಇದು ಉಬ್ಬಿದ ಡಬ್ಬಿ ಮಾಡೂ ಕೆಲಸ. ಅದ್ರ ವಿಷಕ್ಕ ಬಣ್ಣ ಇಲ್ಲ, ವಾಸನಿ ಇಲ್ಲದಿದ್ರೂ ಇರ್ತದ. ಕುದಿಸಿದ್ರ ಆ ವಿಷ ಸಾಯ್ತದ, ಆದ್ರ ಕೋಸಂಬರಿ ಕುದಿಸೂದೂ ಇಲ್ಲ."

ಮೂರು ಡಬ್ಬಿಗಳನ್ನು ಬೋರಲಾಗಿ ನೆಲದ ಮೇಲಿಟ್ಟಳು. ಗೀರುಗಳನ್ನು ನೋಡಿ ಶಾಲುಬಾಯಿ ಬಾಯಿಗೆ ಸೆರಗು ಒತ್ತಿದಳು. ಹೌದ್ರಿ, ಆಕಿ ಗೀರು ಹಾಕಿದ್ದು ನಾ ನೋಡೀನಿ, ಸುಳ್ಳು ಹೇಳಿದೆ ಅಂದಳು. ಈಶ್ವರಿ ಹೋದರೆ ಸೌಟು ತನಗೆ ಬರುತ್ತದೆ ಅನ್ನುವಷ್ಟೇ ಆಸೆ, ಸಾವು-ಬದುಕಿನ ತನಕ ಅವಳು ಯೋಚಿಸಿರಲಿಲ್ಲ.

"ಯಾರೋ ಇವುಕ್ಕ ತೂತು ಹೊಡದು ಗಾಳಿ ಬಿಟ್ಟಾರ. ಗಾಳಿ ಹೋತು, ಹೊಟ್ಟಿ ಇಳೀತು. ವಿಷ ಒಳಗs ಉಳೀತು." ಸುಮನಬಾಯಿ ಮುಚ್ಚಳ ಎತ್ತಿ ತೋರಿಸಿದಳು. "ಯಾರು? ಅಮಿತಕುಮಾರ ಆಗಿದ್ರ ಇಷ್ಟು ತ್ರಾಸ ಯಾಕ? ಅಂಗಡಿಯಿಂದ ಬ್ಯಾರೆ ಮೂರು ಡಬ್ಬಿ ತರ್ತಿದ್ದ, ತೀರ್ತು. ಶಾಲುಬಾಯಿಗಿ ಈಶ್ವರಿ ಹೆಸರು ಕೆಡಸೂದಿತ್ತಂದ್ರ ಉಬ್ಬಿದ ಡಬ್ಬಿ ಉಬ್ಬಿದ್ಹಂಗs ಕಟ್ಟಿಗಿ ಇಡ್ತಿದ್ಲು. ಕೊಲ್ಲಬೇಕು ಅಂದವ್ರು ಅದಕ್ಕ ವಿಭೂತಿ ಹಚ್ಚಂಗಿಲ್ಲ. ಇದು ಪ್ರಸಾದ, ಚೆಲ್ಲಬಾರದು ಅಂದವ್ರು ಹಚ್ತಾರ."

ಸುಮನಬಾಯಿ ಅದೇ ಮುಚ್ಚಳವನ್ನು ದೀಪದ ಬೆಳಕಿಗೆ ಹಿಡಿದಳು.

"ಗಾಳಿ ಬಿಡಾಕ ಒಂದು ತೂತು ಸಾಕು. ಇಲ್ಲಿ ಎರಡು ಅದಾವ, ಈ ಅಂಚಿಗೊಂದು, ಎದುರು ಅಂಚಿಗೊಂದು. ಎರಡಕ್ಕೂ ಸಾಬೂನು ತಿಕ್ಕ್ಯದ. ಈ ಎರಡನೇ ತೂತು ಬುದ್ಧಿ ಹೊಡದದ್ದಲ್ಲ, ಕೈ ಹೊಡದದ್ದು. ಎಣ್ಣಿ ಸುರಿಯಾಕ ದಿನಾ ಡಬ್ಬಿಗಿ ಎರಡು ತೂತು ಹೊಡಿಯೂ ಕೈ."

ಯುನುಸನ ಕಣ್ಣು ತಾನಾಗಿಯೇ ದೀಪದ ಪಕ್ಕದ ಎಣ್ಣೆ ಡಬ್ಬಿಯ ಕಡೆ ಹೋಯಿತು. ಈ ಮೂಲೆಗೊಂದು, ಆ ಮೂಲೆಗೊಂದು, ಮೇಲೆ ಸಾಬೂನು. ಮುಂಜಾನೆ ತನ್ನ ಕಣ್ಣ ಮುಂದೆಯೇ ಆಗಿತ್ತು, ಮೆಚ್ಚಿಕೊಂಡು ನೋಡಿದ್ದ. ಅಮಿತಕುಮಾರ "ಕಾಕಾ..." ಅಂದು ಅವರ ಮುಖ ನೋಡಿದ.

ಶಿವರಾಜಪ್ಪ ತಮ್ಮ ಅಂಗೈಗಳನ್ನು ಬೇರೆ ಯಾರದೋ ಅನ್ನುವಂತೆ ನೋಡಿಕೊಂಡರು.

"ಸಂಕಲ್ಪ ಮಾಡಿ ಕೊಟ್ಟದ್ದು ಬಾಯಿಯವ್ರೆ," ಅಂದರು. "ಬಸವಣ್ಣನ ಮುಂದ ಇಟ್ಟ ಮ್ಯಾಲ ಅದು ಪ್ರಸಾದ. ಕಸದಾಗ ಹ್ಯಾಂಗ ಹಾಕ್ಲಿ? ಎಣ್ಣಿ ಡಬ್ಬಿನೂ ಬಿಸಲಿಗಿ ಉಬ್ತಾವ, ಗಾಳಿ ಬಿಟ್ರ ಸರಿ ಆಗ್ತಾವ. ಇದೂ ಹಂಗs ಅಂದ್ಕೊಂಡೆ."

"ಬುಧವಾರ ಅಂದ್ಕೊಂಡ್ರಿ, ಖರೆ," ಅಂದಳು ಬಾಯಿ. ದನಿ ಏರಿರಲಿಲ್ಲ. "ಶನಿವಾರ ಡಾಕ್ಟ್ರು ಡಬ್ಬಿ ಹ್ಯಾಂಗಿದ್ವು ಅಂತ ಕೇಳಿದ್ರಲ್ಲ, ಆವಾಗ?"

ಅವರು ತಲೆ ಎತ್ತಲಿಲ್ಲ. "ಎದಿಯೊಳಗ ಗೊತ್ತಾತ್ರಿ. ನನ್ನ ಕೈಲೆ ಆತು ಅಂತ ಹೇಳಾಕ ನಾಲಿಗಿ ಬರ್ಲಿಲ್ಲ. ಈಶ್ವರಿ ಏನರ ಹಾಕಿರ್ಬೇಕು ಅಂತ ನನಗ ನಾನs ನಂಬಿಸ್ಕೊಂಡೆ."

"ನಿಮ್ಮ ಆ ಒಂದು ಸುಳ್ಳಿಗಿ ಮದ್ದು ಒಂದು ದಿನ ತಡಾ ಆಗ್ಯದ, ಶಿವರಾಜಪ್ಪನವ್ರೆ. ನಿಮ್ಮ ಮನಿಯಾಕಿ ದವಾಖಾನ್ಯಾಗ ಎಲ್ಲಾ ಕೇಳಿಸ್ಕೊಂಡು ಬಿದ್ದಾಳ. ರೆಪ್ಪಿ ಎತ್ತಾಕ ಆಗವಲ್ದು, ಅಷ್ಟ."

ಆ ಹಿರಿಯ ಮನುಷ್ಯ ನೆಲಕ್ಕೆ ಹಣೆ ಹಚ್ಚಿದ್ದನ್ನು ಯುನುಸ ನೋಡಲಾರದೆ ಹೊರಗೆ ಬಂದ. ಇಷ್ಟು ಕತೆಗಳಲ್ಲಿ ಕಳ್ಳ ಸಿಕ್ಕಾಗ ಅವನಿಗೆ ಒಳಗೊಳಗೆ ಖುಷಿಯಾಗುತ್ತಿತ್ತು. ಅಂದು ಆಗಲಿಲ್ಲ. ಒಳಗೆ ಈಶ್ವರಿ ಅಳಲೂ ಇಲ್ಲ, ಬೈಯಲೂ ಇಲ್ಲ. "ಮೊದಲ ದವಾಖಾನಿಗಿ ನಡೀರಿ ಯಪ್ಪಾ," ಅಂದದ್ದು ಮಾತ್ರ ಕೇಳಿಸಿತು. ಇನ್ಸ್‌ಪೆಕ್ಟರು ಆಕೆಯ ಮೇಲಿನ ದೂರನ್ನು ಅಲ್ಲೇ ಹರಿದು ಹಾಕಲಿಲ್ಲ, ಕಾಯಿದೆ ಹಾಗಿಲ್ಲ; ಆದರೆ ಸೋಮವಾರ ಬರಬೇಡ ತಾಯಿ ಅಂದರು. ಶಿವರಾಜಪ್ಪನವರನ್ನು ಮೊದಲು ಆಸ್ಪತ್ರೆಗೆ, ಆಮೇಲೆ ಠಾಣೆಗೆ ಕರೆದೊಯ್ದರು.

ಮದ್ದು ಮಂಗಳವಾರ ಬಂತು. ಶಿವಕಾಂತಾ ಇಪ್ಪತ್ತೆರಡು ದಿನ ಯಂತ್ರದ ಮೇಲಿದ್ದು ಉಳಿದುಕೊಂಡರು.

*

ಮೂರು ತಿಂಗಳ ಮೇಲೆ ಭವನದಿಂದ ಬಾಯಿಗೆ ಊಟದ ಕರೆ ಬಂತು. ಯುನುಸನೂ ಹೋದ. ಶಿವರಾಜಪ್ಪ ಜಾಮೀನಿನ ಮೇಲೆ ಬಂದಿದ್ದರು, ಕೇಸು ನಡೆದಿತ್ತು. ಹಿರೇತನ ಬಿಟ್ಟು ಬಾಗಿಲಲ್ಲಿ ಚಪ್ಪಲಿ ಜೋಡಿಸುತ್ತಿದ್ದರು. ಅಡುಗೆಮನೆಯಲ್ಲಿ ಸೌಟು ಈಶ್ವರಿಯ ಕೈಯಲ್ಲೇ ಇತ್ತು. ಯಾರೋ ಭಕ್ತರು ಬಟಾಣಿಯ ನಾಲ್ಕು ಡಬ್ಬಿ ತಂದು, ಹಳೇ ರೂಢಿಯಂತೆ ವಿಭೂತಿ ಹಚ್ಚಿ ಕಟ್ಟೆಯ ಮೇಲಿಟ್ಟಿದ್ದರು. ಈಶ್ವರಿ ಒಂದೊಂದನ್ನೂ ತಿರುಗಿಸಿ ನೋಡಿದಳು. ಎಲ್ಲ ಸರಿ ಇದ್ದವು. ಹಸಿ ಬಟ್ಟೆ ಎತ್ತಿಕೊಂಡಳು, ಮುಚ್ಚಳದ ಹತ್ತಿರ ಬಂದು ಕೈ ನಿಂತಿತು.

ಗೋಡೆ ಹಿಡಿದು ಹಿಡಿದು ಒಳಗೆ ಬಂದ ಶಿವಕಾಂತಾ ಅದನ್ನು ಕಂಡರು. ಬಲಗಣ್ಣಿನ ರೆಪ್ಪೆ ಇನ್ನೂ ಅರ್ಧ ಇಳಿದೇ ಇತ್ತು. ಮೊದಲ ಮುಚ್ಚಳದ ಮೇಲೆ ಮೂರು ಬೆರಳು ಎಳೆದು, ಅಲ್ಲಿಯ ವಿಭೂತಿಯನ್ನೆಲ್ಲ ತಮ್ಮ ಹಣೆಗೆ ಹಚ್ಚಿಕೊಂಡರು. ಎರಡನೆಯದನ್ನು ಈಶ್ವರಿಯ ಹಣೆಗೆ ಹಚ್ಚಿದರು. ಮೂರನೆಯದು ಶಾಲುಬಾಯಿಗೆ.

ನಾಲ್ಕನೆಯದನ್ನು ಬೆರಳಲ್ಲೇ ಹಿಡಿದುಕೊಂಡು ಬಾಗಿಲ ಕಡೆ, ಚಪ್ಪಲಿಗಳ ನಡುವೆ ಕೂತಿದ್ದ ಗಂಡನ ಕಡೆ, ನಿಧಾನ ನಡೆದರು.

"ಈಗ ಒರಸವ್ವ," ಅಂದರು ಹೋಗುತ್ತ, ಇನ್ನೂ ಸ್ವಲ್ಪ ತೊದಲುವ ನಾಲಿಗೆಯಲ್ಲಿ. "ಚಂದಂಗಿ ಒರಸು."